ಒಂದು ಅರ್ಜಿಗೆ ಏಳು ಪೆಟ್ಟು

ತಾನು ರದ್ದು ಮಾಡಿದ ಕಾಗದ ಮತ್ತೆ ಉಸಿರಾಡಿದರೆ ಅಂದೇ ಪೆನ್ನು ಮುರಿದುಹಾಕುತ್ತೇನೆ ಎಂದು ಪತ್ರ ಬರಹಗಾರ ಸಾರುತ್ತಿದ್ದ. ನೋಂದಣಿ ಕಚೇರಿಯ ಎದುರು ಇಪ್ಪತ್ತೆರಡು ವರ್ಷದಿಂದ ಅವನದೊಂದು ಮೇಜು, ಒಂದು ಟೈಪ್‌ರೈಟರ್. ಉಯಿಲೋ, ಕರಾರೋ, ಅಧಿಕಾರ ಪತ್ರವೋ ರದ್ದಾಗಬೇಕೆಂದರೆ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಬೇರೆಯವರು ‘ಕ್ಯಾನ್ಸಲ್’ ಎಂದು ಬರೆದು ಕೈತೊಳೆದುಕೊಂಡರೆ, ಅವನು ಕ್ಯಾನ್ಸಲ್, ರಿವೋಕ್, ಅನ್ನಲ್, ರಿಸಿಂಡ್, ರಿಪೀಲ್, ನಲಿಫೈ, ಕ್ವಾಶ್ ಎಂದು ಅದೇ ಅರ್ಥದ ಏಳು ಇಂಗ್ಲಿಷ್ ಪದಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ.

“ಒಂದೇ ಪೆಟ್ಟು ತಿಂದವನು ಎದ್ದು ಬರ್ತಾನೆ. ಏಳು ಪೆಟ್ಟು ತಿಂದವನು ಬರ್ತಾನಾ?”

ಕೊನೆಗೆ ಪುಟದಲ್ಲಿ ಉಳಿದ ಜಾಗಕ್ಕೆ ಸ್ಕೇಲಿಟ್ಟು ಓರೆಗೆರೆ ಎಳೆಯುತ್ತಿದ್ದ. ಖಾಲಿ ಬಿಟ್ಟರೆ ಯಾರಾದರೂ ಏನಾದರೂ ಸೇರಿಸಿಬಿಡುತ್ತಾರಲ್ಲ!

ಹೆಂಡತಿ ಐದು ಗಂಟೆ ದಾರಿಯ ಊರಿನ ಆಸ್ಪತ್ರೆಯಲ್ಲಿ ನರ್ಸ್. ಶನಿವಾರ ಬಂದು ಭಾನುವಾರ ಮಧ್ಯಾಹ್ನ ಹೊರಟುಬಿಡುವಳು. ಆರು ವರ್ಷದ ಮಗಳು ಅವಳಿಗೆ ‘ಶನಿವಾರದಮ್ಮ’ ಎಂದೇ ಹೆಸರಿಟ್ಟಿದ್ದಳು. ಮೂರು ವರ್ಷ ಕಾದ ಮೇಲೆ, ಮನೆ ಹತ್ತಿರದ ಆಸ್ಪತ್ರೆಯ ವರ್ಗಾವಣೆ ಪಟ್ಟಿಯಲ್ಲಿ ಅವಳ ಹೆಸರು ಮೊದಲನೆಯದಾಗಿ ನಿಂತಿತ್ತು. ಇರಲಿ ಎಂದು ಬಂದರಿನ ಆಸ್ಪತ್ರೆಗೂ ಹಾಕಿದ್ದ ಇನ್ನೊಂದು ಅರ್ಜಿಯನ್ನು ಹಿಂದಕ್ಕೆ ಪಡೆಯಬೇಕಿತ್ತು, ಅಷ್ಟೇ.

“ಒಂದು ಸಾಲು ಸಾಕು ಕಣ್ರೀ. ನಾನೇ ಬರೀತೀನಿ.”

“ನಾನು ಮನೇಲಿರುವಾಗ ನೀನು ಒಂದು ಸಾಲು ಬರೆದು ಕಳಿಸ್ತೀಯಾ? ನಾಳೆ ಆ ಬಂದರಿನವರು ನಿನ್ನ ಎಳ್ಕೊಂಡು ಹೋದ್ರೆ?”

“ಎಳ್ಕೊಂಡು ಹೋಗೋಕೆ ನಾನೇನು ದೋಣೀನಾ?”

“ಸುಮ್ನೆ ಸಹಿ ಹಾಕೇ.”

ಬಸ್ಸಿಗೆ ಹೊತ್ತಾಗಿತ್ತು. ಓದದೆ ಸಹಿ ಹಾಕಿ ಓಡಿದಳು. ಎರಡು ಪುಟದ ಪತ್ರ! ‘ನಾನು ಈವರೆಗೆ ಸಲ್ಲಿಸಿರುವ, ಯಾವುದೇ ಸ್ಥಳಕ್ಕೆ ಸಂಬಂಧಿಸಿದ ಸಕಲ ಅರ್ಜಿಗಳನ್ನೂ’ ಎಂದು ಶುರುವಾಗಿ, ಏಳೂ ಪೆಟ್ಟು ಕೊಟ್ಟು, ಓರೆಗೆರೆಯಲ್ಲಿ ಮುಗಿದಿತ್ತು. ಅದು ಆಸ್ತಿ ಪತ್ರಗಳಿಗೆ ಹಾಕುವ ಸಾಲು. ಬೆರಳುಗಳು ಅಭ್ಯಾಸಬಲದಿಂದ ಟೈಪ್ ಮಾಡಿದ್ದವು.

ಹತ್ತು ದಿನಕ್ಕೆ ಅಂತಿಮ ಪಟ್ಟಿ ಬಂತು. ಅವಳ ಹೆಸರು ಮೊದಲಲ್ಲೂ ಇಲ್ಲ, ಕೊನೆಯಲ್ಲೂ ಇಲ್ಲ! ಬರಹಗಾರ ವರ್ಗಾವಣೆ ಕಚೇರಿಗೆ ಏದುಸಿರು ಬಿಡುತ್ತ ಓಡಿದ. ಗುಮಾಸ್ತೆ ಕಡತದಿಂದ ಪತ್ರವನ್ನು ಎರಡೂ ಕೈಯಲ್ಲಿ ಎತ್ತಿದಳು.

“ಇದನ್ನು ಬರೆದವರು ಯಾರು ಸಾರ್?”

“ನಾನೇ,” ಎಂದ. ಆ ಸ್ಥಿತಿಯಲ್ಲೂ ದನಿಯಲ್ಲಿ ಚೂರು ಹೆಮ್ಮೆ ಇಣುಕಿತು.

“ಬಂದರಿನ ಅರ್ಜಿ ಮಾತ್ರ ಅಂದ್ಕೊಳ್ಳೋಣ ಅಂತ ನೋಡಿದ್ವಿ. ನೀವು ಜಾಗಾನೇ ಬಿಟ್ಟಿಲ್ಲ! ಸಾಹೇಬ್ರು ಎರಡು ಸಲ ಓದಿ, ಪಾಪ, ಈಕೆಗೆ ಮನೆಗೆ ಹೋಗೋಕೆ ಸುತಾರಾಂ ಇಷ್ಟವಿಲ್ಲ, ಬಲವಂತ ಬೇಡ ಅಂದ್ರು.”

“ಈ ಪತ್ರಾನ ರದ್ದು ಮಾಡಿ ಇನ್ನೊಂದು ಬರ್ಕೊಡ್ತೀನಿ ಮೇಡಂ!”

“ರದ್ದಾಗೋ ಹಾಗೆ ಬರೆದಿದ್ದೀರಾ? ನೋಡಿ, ಇದನ್ನು ಎಂದಿಗೂ ಹಿಂಪಡೆಯಲಾಗದು ಅಂತಾನೂ ಇದೆ.”

ತನ್ನ ಕಾಗದವನ್ನು ಅವನು ಮೊದಲ ಬಾರಿಗೆ ಎದುರಾಳಿಯ ಕಣ್ಣಿಂದ ಓದಿದ. ಎಲ್ಲಾದರೂ ಬಿರುಕು ಸಿಕ್ಕೀತೇ ಎಂದು ಸಾಲು ಸಾಲು ತಡಕಿದ. ಸೂಜಿ ತೂರುವಷ್ಟೂ ಇರಲಿಲ್ಲ. ದರಿದ್ರ, ಎಷ್ಟು ಚೆನ್ನಾಗಿ ಬರೆದಿದ್ದ!

“ಹೊಸ ಅರ್ಜಿ ಹಾಕಿಸಿ. ಪಟ್ಟಿಯ ಕೊನೆಗೆ ಸೇರಿಸ್ತೀವಿ. ಎರಡು ವರ್ಷ ಆಗಬಹುದು.”

ಶನಿವಾರ ಹೆಂಡತಿ ಬಂದಳು. ಮಗಳ ಪಕ್ಕ ಕೂತು ತಾನೇ ಅರ್ಜಿ ಬರೆಯತೊಡಗಿದಳು.

“ಅಮ್ಮಾ, ಇನ್ನೆಷ್ಟು ಶನಿವಾರ?”

“ಒಂದು ನೂರು ಅಂದ್ಕೋ ಪುಟ್ಟಿ.”

“ನಂಗೆ ಐವತ್ತರ ತನಕ ಮಾತ್ರ ಎಣಿಸೋಕೆ ಬರೋದು,” ಎಂದಿತು ಮಗು.

ಬರಹಗಾರ ಕುರ್ಚಿ ಎಳೆದುಕೊಂಡು ಎದುರಿಗೆ ಕೂತ.

“ಈ ಸಲ ಗಂಡನ ಸಹಿಯೂ ಬೇಕಂತೆ. ಹಾಕಿ,” ಎಂದು ಅವಳು ಹಾಳೆಯನ್ನು ಮುಂದೆ ನೂಕಿದಳು.

ಎರಡೇ ಸಾಲು! ಬಡಪಾಯಿ ಅರ್ಜಿ, ಮೈಮೇಲೆ ಬಟ್ಟೆಯೇ ಇಲ್ಲದಂತೆ ನಿಂತಿತ್ತು. ಅವನ ಕೈ ತುರಿಸಿತು. ಒಂದೇ ಒಂದು ಪದ, ಗಟ್ಟಿಯಾಗಲಿ ಎಂದು... ಪೆನ್ನು ಬಿಚ್ಚಿ ಜಾಗ ಹುಡುಕಿದ. ಎರಡನೇ ಸಾಲಿನ ಬುಡದಿಂದ ಪುಟದ ತುದಿಯವರೆಗೆ ಸ್ಕೇಲಿಟ್ಟು ಎಳೆದ ಓರೆಗೆರೆ! ಅವನ ಸಹಿಗೆಂದು ಮೂಲೆಯಲ್ಲಿ ಎರಡು ಬೆರಳಗಲ ಬಿಟ್ಟಿದ್ದಳು.

“ನೀವೇ ಹೇಳ್ಕೊಟ್ಟಿದ್ದಲ್ವೇನ್ರೀ,” ಎಂದಳು. “ಖಾಲಿ ಬಿಟ್ರೆ ಯಾರಾದ್ರೂ ಏನಾದ್ರೂ ಸೇರಿಸಿಬಿಡ್ತಾರೆ.”