ಹುಲಿಗೆಮ್ಮನ ಮಸೂರ ಮತ್ತು ನನ್ನ ಪಾಲಿಶ್

ಕಲ್ಲಿಗೆ ಹೊಳಪು ಕೊಡುವುದರಲ್ಲಿ ಹೊಸಪೇಟೆಯಲ್ಲೇ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ಅಭಿಪ್ರಾಯ. ಬೇರೆಯವರನ್ನು ಕೇಳಿಲ್ಲ!

ನಾನು ಓದಿದ್ದು ಏಳನೇ ಕ್ಲಾಸು. ತಂಗಿ ಹುಲಿಗೆಮ್ಮ ಪಿಯುಸಿ ವಿಜ್ಞಾನ. ಅವಳು ಕಾಲೇಜಿನಿಂದ ಒಂದು ಮಸೂರ ತಂದಿದ್ದಳು, ಎರಡೂ ಕಡೆ ಉಬ್ಬಿದ ಗಾಜು. ಕತ್ತಲ ಕೋಣೆಯಲ್ಲಿ ಅದನ್ನು ಹಿಡಿದರೆ ಕಿಟಕಿಯಾಚೆಯ ಬೀದಿ ರಟ್ಟಿನ ಮೇಲೆ ತಲೆಕೆಳಗಾಗಿ ಬೀಳುತ್ತಿತ್ತು. ಗಾಜಿನಿಂದ ರಟ್ಟಿಗೆ ಇಪ್ಪತ್ತು ಸೆಂಟಿಮೀಟರ್ ಎಂದು ಬರೆದುಕೊಂಡಳು. ಮರುದಿನ ಉಬ್ಬನ್ನೂ ಅಳೆದರೆ, ಆ ಗಾಜು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬ ವಕ್ರೀಭವನ ಸೂಚ್ಯಂಕ ಸಿಗುತ್ತದಂತೆ. ಸೋಮವಾರ ಮೇಡಂಗೆ ತೋರಿಸದಿದ್ದರೆ ಪ್ರಾಕ್ಟಿಕಲ್ ಅಂಕ ಸೊನ್ನೆ.

ಗಾಜಿನ ಮೇಲೊಂದು ಗೀರು ಕಂಡಿತು. ನನ್ನ ಪ್ರೀತಿ ಉಕ್ಕಿತು! ಅವಳಿಗೆ ಹೇಳದೆ ಒಯ್ದು ಗ್ರಾನೈಟ್ ಉಜ್ಜುವ ಮಷೀನಿಗೆ ಕೊಟ್ಟೆ. ಗೀರು ಹೋಯಿತು. ಆ ಕಡೆಯ ಉಬ್ಬೂ ಹೋಯಿತು. ಹೊಳಪು ಮಾತ್ರ ಭರ್ಜರಿ! ಸದ್ದಿಲ್ಲದೆ ತಂದಿಟ್ಟೆ.

ಮರುದಿನ ಉಬ್ಬು ಅಳೆದು, ಹಿಂದಿನ ದಿನದ ಇಪ್ಪತ್ತರ ಜೊತೆ ಸೇರಿಸಿ ಲೆಕ್ಕ ಮಾಡಿದ ಹುಲಿಗೆಮ್ಮ ಬಿಳಿಚಿಕೊಂಡಳು.

"ಎರಡು ಬಂತಬೇ ಅವ್ವಾ! ಗಾಜಿಗೆ ಒಂದೂವರಿ ಬರಬೇಕು. ನಾನೇ ಸುಳ್ಳು ಬರದೀನಿ ಅಂತಾರ ಮೇಡಂ."

"ಯಾರ್ಯಾರು ಮುಟ್ಟಿದ ಗಾಜೋ ಏನೋ! ಏನರ ಸೋಕಿದ್ದೀತು, ಮನ್ಯಾಗ ಇಡಬ್ಯಾಡ" ಎಂದಳು ಅವ್ವ.

ಆಗಲೇ ಹೇಳಬೇಕಿತ್ತು. ಬದಲಿಗೆ ಹೊರಗೆ ಜಾರಿದೆ.

ಅವಳು ಬಾಗಿಲು ಮುಚ್ಚಿ ಮತ್ತೆ ಗಾಜು ಹಿಡಿದಳು. ನಾನು ಕಿಟಕಿಯಿಂದ ಇಣುಕಿದೆ. ಇಪ್ಪತ್ತರ ಗುರುತಿನಲ್ಲಿ ಬೀದಿಯೇ ಇರಲಿಲ್ಲ. ಬರೀ ಬೂದಿಯಂಥ ಮಬ್ಬು. ಅವಳು ರಟ್ಟನ್ನು ಹಿಂದಕ್ಕೆ ಸರಿಸುತ್ತ ಹೋದಳು. ಇಮ್ಮಡಿ ದೂರ ದಾಟಿದಾಗ ಆ ಮಬ್ಬಿನೊಳಗಿಂದ ಒಂದು ಕಪ್ಪು ಆಕಾರ ಮೆಲ್ಲಗೆ ಮೂಡಿತು. ಮುಖವಿಲ್ಲ. ತಲೆ ಕೆಳಗೆ. ಬಾವಲಿಯಂತೆ ಜೋತುಬಿದ್ದಿತ್ತು. ನಾನು ಕತ್ತು ಹೊರಳಿಸಿದೆ. ಅದೂ ಹೊರಳಿಸಿತು!

"ಅವ್ವಾ, ದೆವ್ವ!" ಎಂದು ಮೊದಲು ಕಿರುಚಿದವನು ನಾನೇ.

ಹುಲಿಗೆಮ್ಮ ತಿರುಗಿದಳು. "ದೆವ್ವ ಅಲ್ಲಣ್ಣ, ನೀನು. ಕಿವಿ ನೋಡಿದ್ರ ಗೊತ್ತಾಗಂಗಿಲ್ಲೇನು? ಕಳ್ಳರಂಗ ಹೊರಗ ಯಾಕ ನಿಂತಿ?"

ಎಲ್ಲ ಒಪ್ಪಿಕೊಂಡೆ.

"ಅದೇನು ಅಡಿಗಿಕಟ್ಟಿ ಕಲ್ಲೇನಲೇ, ತಿಕ್ಕಾಕ?" ಎಂದು ಅವ್ವ ಸೌಟು ಎತ್ತಿದಳು.

ತಂಗಿ ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು. ನನ್ನನ್ನು ಕಿಟಕಿಯಿಂದ ಸರಿಸಿ ಬೀದಿಯನ್ನು ಮತ್ತೆ ರಟ್ಟಿಗೆ ಇಳಿಸಿದಳು. ದೂರ ಈಗ ನಲವತ್ತು. ಲೆಕ್ಕ ಹಾಕಿದರೆ ಸರಿಯಾಗಿ ಒಂದೂವರೆ!

"ಆಕಾರ ಕೆಡಿಸಿದಿ ಅಷ್ಟ. ಗಾಜಿನ ಗುಣ ಹಂಗ ಐತಿ" ಎಂದಳು.

ಅಂಕವೂ ಬಂತು. ರೆಕಾರ್ಡಿನ ಕೊನೆಯಲ್ಲಿ 'ದೋಷಕ್ಕೆ ಕಾರಣಗಳು' ಎಂದು ಬರೆಯಬೇಕಂತೆ. ಉಳಿದವರೆಲ್ಲ ಸ್ಕೇಲು, ಬೆಳಕು ಎಂದು ಪುಟ ತುಂಬಿಸಿದ್ದರಂತೆ. ನನ್ನ ತಂಗಿ ಬರೆದದ್ದು ಒಂದೇ ಪದ: 'ಅಣ್ಣ'.

ಮೇಡಂ ಅದಕ್ಕೆ ಕೆಂಪು ಶಾಯಿಯಲ್ಲಿ ರೈಟ್ ಹಾಕಿದ್ದಾರೆ!