ಆಪಲ್ ಸಾಸೋ, ಸೇಬಿನ ಸಾಸಿವೆಯೋ

ನನ್ನ ತಾಯಿ ವೆಂಕಟಲಕ್ಷ್ಮಮ್ಮನವರ ಬಾಯಲ್ಲಿ ಅಳಿದುಳಿದ ಹಲ್ಲುಗಳನ್ನೆಲ್ಲ ಕೀಳಿಸಿದ ಮೇಲೆ, ನಮ್ಮ ಮನೆಯಲ್ಲಿ ನೆಮ್ಮದಿಯಾಗಿ ಉಣ್ಣಲಾರದೆ ಒದ್ದಾಡಿದವನು ನಾನು. ಅವರೇನೋ ಒಂದು ಲೋಟ ರಾಗಿ ಗಂಜಿ ಕುಡಿದು, ಲೋಟವನ್ನು ಎಲ್ಲರಿಗೂ ಕೇಳಿಸುವಂತೆ ನೆಲಕ್ಕಿಟ್ಟು, ಗೋಡೆಗೊರಗಿ ಕೂತು ನಮ್ಮ ತಟ್ಟೆಗಳನ್ನು ನೋಡುತ್ತಿದ್ದರು. ನಾನು ಹಪ್ಪಳ ಮುರಿದ ಸದ್ದಿಗೆ ಅತ್ತಲಿಂದ ಒಂದು ನಿಟ್ಟುಸಿರು ಬರುತ್ತಿತ್ತು. ಹಪ್ಪಳವನ್ನು ಸಾರಿನಲ್ಲಿ ನೆನೆಸಿ ನಿಶ್ಶಬ್ದವಾಗಿ ಭಕ್ಷಿಸುವ ಕಲೆಯನ್ನು ನಾನು ಕರಗತ ಮಾಡಿಕೊಂಡದ್ದು ಆ ದಿನಗಳಲ್ಲೇ.

ಗಾಯವೇನೋ ಮಾಯ್ದಿತ್ತು. ಆದರೆ ಕಟ್ಟಿಸುವ ಹಲ್ಲಿನ ಸೆಟ್ಟು ಬೆಂಗಳೂರಿನಿಂದ ಬರಬೇಕಿತ್ತು. ಅದು ಬರುತ್ತಲೇ ಇತ್ತು.

"ನಾಕ್ ದಿನ ಭಾನು ಮನ್ಗೆ ಹೋಗ್ ಬತ್ತೀನಿ ಕಣ್ಲಾ," ಎಂದರು ಅಮ್ಮ ಒಂದು ಬೆಳಿಗ್ಗೆ. "ಅಲ್ಲಾರ ಬಾಯ್ಗೆ ರುಚಿಯಾಗಿ ಏನಾರ ಸಿಕ್ತದಾ ನೋಡಾನ."

ಭಾನುಪ್ರಿಯ ನನ್ನ ತಂಗಿ. ಕೊಟ್ಟಿರುವುದು ಕೋಡಿಹಳ್ಳಿಗೆ. ಅಮ್ಮ ಈ ಗುಳಿಬಿದ್ದ ಕೆನ್ನೆ ಹೊತ್ತು ಅಲ್ಲಿ ಬಸ್ಸಿಳಿದರೆ ಏನಾಗುತ್ತದೆಂದು ನನಗೆ ಗೊತ್ತು. ಅನಂತರಾಜು (ಅಂದರೆ ನಾನು) ಬಿಡದಿಯಲ್ಲಿ ಕಾರಿನ ಫ್ಯಾಕ್ಟರಿ ಸೇರಿ ದೊಡ್ಡ ಮನುಷ್ಯನಾದ, ಹೆತ್ತವಳನ್ನು ಗಂಜಿಗೆ ಹಾಕಿದ ಎಂಬ ಸುದ್ದಿ ಸಂಜೆಯೊಳಗೆ ಕನಕಪುರ ದಾಟಿ ಕೂಟಗಲ್‌ನಲ್ಲಿರುವ ನನ್ನ ಮಾವನ ಮನೆ ತಲುಪುತ್ತದೆ. ಕೆಟ್ಟ ಹೆಸರು ಬರುವುದು ನನ್ನ ಹೆಂಡತಿ ಸೌಮ್ಯಳಿಗೆ. ಆಮೇಲೆ ಅವಳಿಂದ ನನಗೆ ಬರುವುದನ್ನು ವಿವರಿಸಬೇಕಾಗಿಲ್ಲ. (ಮದುವೆಯಾದವರಿಗೆ ತಿಳಿಯುತ್ತದೆ.)

ಹಾಗಾಗಿ ಅಮ್ಮನನ್ನು ಕರೆದುಕೊಂಡು ರಾಮನಗರದ ಹಲ್ಲಿನ ಡಾಕ್ಟರ ಬಳಿ ಹೋದೆ. ಹೊಸ ಡಾಕ್ಟರು, ಚಿಕ್ಕ ವಯಸ್ಸು. ಕಿವಿಯಲ್ಲಿ ಕಪ್ಪಗೆ ಜೀರುಂಡೆಯಂಥ ಒಂದು ಯಂತ್ರ ಸಿಕ್ಕಿಸಿಕೊಂಡಿದ್ದರು. ಪಾಪ, ಈ ವಯಸ್ಸಿಗೇ ಕಿವುಡು ಎಂದು ಮರುಗಿ, ಅವರಿಗೆ ಕೇಳಿಸಲಿ ಎಂದು ನಾನು ಸಾಕಷ್ಟು ಗಟ್ಟಿಯಾಗಿಯೇ ಕೇಳಿದೆ: "ಸಾರ್, ಗಂಜಿ ಬಿಟ್ಟು ಇವರಿಗೆ ಬೇರೆ ಏನು ಕೊಡಬಹುದು?"

ಡಾಕ್ಟರು ಬೆಚ್ಚಿದರು. ಅಮ್ಮನ ಬಾಯಿಯನ್ನೇ ನೋಡುತ್ತ ನಿಧಾನವಾಗಿ ಹೇಳಿದರು: "ಆಪಲ್ ಸಾಸ್ ಮಾಡು. ತುಂಬಾ ಸುಲಭ. ಆದರೆ ಮಕ್ಕಳ ಕೈಲೇ ಮಾಡಿಸು. ಅವರು ಮಾಡಿದರೇನೇ ಅದು ಹೊಟ್ಟೆಗೆ ಹೋಗೋದು."

ಏಕವಚನ ಪ್ರಯೋಗಿಸಿದ್ದು ಸ್ವಲ್ಪ ಚುಚ್ಚಿತು. ಆದರೂ ವೈದ್ಯರಲ್ಲವೇ ಎಂದು ಸಹಿಸಿಕೊಂಡು, ಕೈಮುಗಿದು, ಅಮ್ಮನನ್ನು ಎಬ್ಬಿಸಿಕೊಂಡು ಬಂದೆ. ಆಪಲ್ ಸಾಸ್ ಎಂದರೇನು ಎಂದು ಕೇಳಬಹುದಿತ್ತು. ಕೇಳಿದರೆ ಏಕವಚನದಿಂದ ಇನ್ನೂ ಕೆಳಗಿಳಿದುಬಿಡುತ್ತಾರೇನೋ ಎಂಬ ಭಯ.

ಮನೆಯಲ್ಲಿ ಸೌಮ್ಯಳನ್ನು ಕೇಳಿದೆ.

"ಸಾಸ್ ಅಂದ್ರೆ ಸಮೋಸಕ್ಕೆ ಹಾಕ್ತಾರಲ್ಲ, ಅದು. ಅದನ್ನ ಸೇಬಲ್ಲಿ ಯಾಕ್ ಮಾಡ್ತಾರೆ?"

"ಡಾಕ್ಟ್ರು ಹೇಳವ್ರೆ. ಮಕ್ಳ ಕೈಲೇ ಮಾಡಿಸ್ಬೇಕಂತೆ."

"ಮಕ್ಳ ಕೈಲಾ? ಯಾಕೆ?"

"ಅದೇನೋ ಹೊಸ ವಿಧಾನ ಇರ್ಬೇಕು."

ಅವಳು ನನ್ನನ್ನೊಮ್ಮೆ ದಿಟ್ಟಿಸಿ ನೋಡಿ, ಭಾನುವಾರ ಗಾರ್ಮೆಂಟ್ಸಿನಲ್ಲಿ ಓವರ್‌ಟೈಮ್ ಕೆಲಸ ಇದೆ, ತಾನಂತೂ ಮನೆಯಲ್ಲಿರುವುದಿಲ್ಲ, ಏನಾದರೂ ಮಾಡಿಕೊಳ್ಳಿ ಎಂದಳು. ಆ ಮಾತಿನಲ್ಲಿ ಸಂತೋಷ ತುಸು ಹೆಚ್ಚೇ ಇದ್ದಂತಿತ್ತು.

ಭಾನುವಾರ ಬೆಳಿಗ್ಗೆ ನಾನು ವಹಾಬನ ಹಣ್ಣಿನ ಗಾಡಿಯ ಮುಂದೆ ನಿಂತಿದ್ದೆ. "ಸಾಸಿಗೆ ಯಾವ ಸೇಬು ಒಳ್ಳೇದು?"

"ಸಾಸ್ ಬಾಟ್ಲೀಲಿ ಬತ್ತದೆ ಸಾ, ಅಂಗ್ಡೀಲಿ ಸಿಗ್ತದೆ. ಸೇಬು ಅಂದ್ರೆ ಹಿಂಗೇ ಕಚ್ಚಿ ತಿನ್ನಾದು. ನಿಮ್ಗೆ ಯಾವ್ದು ಬೇಕು?"

"ಕಚ್ಚದೆ ತಿನ್ನೋ ಸೇಬು."

ವಹಾಬ ಬಹಳ ಹೊತ್ತು ಯೋಚಿಸಿ, ಗಾಡಿಯ ಹಿಂಬದಿಯಲ್ಲಿ ಯಾರಿಗೂ ಕಾಣದಂತೆ ಇಟ್ಟಿದ್ದ ಮೆತ್ತನೆಯ ಹಣ್ಣುಗಳನ್ನು ಚೀಲಕ್ಕೆ ತುಂಬಿಸಿಕೊಟ್ಟ.

ನಾನು ಫ್ಯಾಕ್ಟರಿಯಲ್ಲಿ ಗುಣಮಟ್ಟ ಪರೀಕ್ಷಕ. ಯಾರು ಎಲ್ಲಿ ನಿಲ್ಲಬೇಕು, ಯಾವ ಸಾಮಾನು ಎಲ್ಲಿರಬೇಕು ಎಂದು ಜಪಾನಿನವರು ನಮಗೆ ಅರೆದು ಕುಡಿಸಿದ್ದಾರೆ. ಅದೇ ಶಿಸ್ತನ್ನು ಅಡುಗೆಮನೆಯಲ್ಲಿ ಸ್ಥಾಪಿಸಿದೆ. ನಾಲ್ಕನೇ ಕ್ಲಾಸಿನ ಮಗಳು ಸುಚಿತ್ರಾ ಉತ್ಪಾದನಾ ವಿಭಾಗ. ಈ ವರ್ಷವಷ್ಟೇ ಸ್ಕೂಲಿಗೆ ಸೇರಿದ ಮಗ ಲೋಕೇಶ ಗುಣಮಟ್ಟ ವಿಭಾಗ. ಸಿಪ್ಪೆ ತೆಗೆಯುವುದು ಮಾತ್ರ ನನ್ನ ಹೊಣೆ, ಏಕೆಂದರೆ ಚಾಕುವನ್ನು ಮಕ್ಕಳ ಕೈಗೆ ಕೊಡಬಾರದು. (ನನ್ನ ಕೈಗೂ ಕೊಡಬಾರದೆಂದು ಎರಡನೇ ಹಣ್ಣಿಗೇ ತಿಳಿಯಿತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಮುಂದುವರಿದೆ.)

ಲೋಕೇಶನಿಗೆ ಆ ಹುದ್ದೆ ಕೊಟ್ಟದ್ದು ಘೋರ ಆಡಳಿತಾತ್ಮಕ ಪ್ರಮಾದ. ಅವನು ಪ್ರತಿ ಹೋಳನ್ನೂ ಕಚ್ಚಿ ಪರೀಕ್ಷಿಸಿದ. ಪಾಸಾದದ್ದನ್ನು ನುಂಗಿದ, ಫೇಲಾದದ್ದನ್ನು ಪಾತ್ರೆಗೆ ಹಾಕಿದ. ನನಗೆ ಇದು ತಿಳಿಯುವ ವೇಳೆಗೆ ಪಾತ್ರೆಯ ತುಂಬ ಫೇಲಾದ ಸೇಬೇ ಇತ್ತು.

"ಏನ್ಲಾ ಮಾಡ್ತಿದ್ದೀರಿ?" ನಡುಮನೆಯಿಂದ ಅಮ್ಮ ಕೇಳಿದರು.

"ಆಪಲ್ ಸಾಸ್ ಕಣಮ್ಮ, ನಿಂಗೇಯ."

"ಸಾಸ್ವೆನಾ? ಕಾಯಿ ತುರುದ್ರಾ?"

"ಸಾಸ್ವೆ ಅಲ್ಲಮ್ಮ. ಸಾಸ್."

"ಅದ್ನೇ ಕಣ್ಲಾ ನಾನೂ ಕೇಳ್ತಿರಾದು. ಸಾಸ್ವೆ ಕಾಳು ಅರುದ್ರಾ?"

"ಇದ್ಕೆ ಸಾಸ್ವೆ ಹಾಕಲ್ಲಮ್ಮ."

"ಸಾಸ್ವೆ ಹಾಕ್ದೆ ಸಾಸ್ವೆ ಎಂಗ್ಲಾ ಆಯ್ತದೆ?"

ನಮ್ಮ ಕಡೆ ಹಣ್ಣಿಗೆ ಕಾಯಿ, ಸಾಸಿವೆ ಅರೆದು ಹಾಕಿ ಮೊಸರಲ್ಲಿ ಕಲಸುವ ಗೊಜ್ಜಿಗೂ ಸಾಸಿವೆ ಎಂದೇ ಹೆಸರು. ಅವರು ಹೇಳಿದ್ದೇ ಸರಿ ಎಂದು ನನಗೂ ಅನ್ನಿಸತೊಡಗಿತ್ತು.

ಸೇಬು ಬೆಂದು ಮುದ್ದೆಯಾಯಿತು. ಆದರೆ ಅದರ ಬಣ್ಣ ಮಕ್ಕಳಿಗೆ ಹಿಡಿಸಲಿಲ್ಲ. ಬೇಕರಿಯಲ್ಲಿ ಪಫ್ಸ್ ಜೊತೆ ಕೊಡುವ ಸಾಸ್ ಕೆಂಪಗಿರುತ್ತದೆ ಎಂದು ಸುಚಿತ್ರಾ ವಾದಿಸಿದಳು. ಗೋಬಿ ಮಂಚೂರಿ ಗಾಡಿಯವನು ಹಾಕುವುದು ಕಪ್ಪಗಿರುತ್ತದೆ ಎಂದು ಲೋಕೇಶ ಹಟ ಹಿಡಿದ. ನಾನು ಇಬ್ಬರ ಮಾತಿಗೂ ತಲೆದೂಗುತ್ತಿರುವಾಗಲೇ ಸುಚಿತ್ರಾ ಕೇಸರಿಬಾತಿನ ಬಣ್ಣದ ಡಬ್ಬಿಯನ್ನು ಪಾತ್ರೆಯ ಮೇಲೆ ಬೋರಲು ಹಾಕಿದಳು. ಸೇಬು ಇಟ್ಟಿಗೆ ಪುಡಿ ಕಲಸಿದಂತಾಯಿತು, ಒಲೆಯ ಹಿಂದಿನ ಗೋಡೆಯೂ ಕೆಂಪಾಯಿತು. ಕಪ್ಪಾಗಲಿಲ್ಲವೆಂದು ಲೋಕೇಶ ಅಳಲು ಕೂತ.

ಇನ್ನು ವಿಧಿಯಿಲ್ಲವೆಂದು ಅಂಗಳಕ್ಕೆ ಬಂದು ಡಾಕ್ಟರಿಗೇ ಫೋನು ಮಾಡಿದೆ.

"ಸಾರ್, ಆಪಲ್ ಸಾಸ್ ಕೆಂಪಗಿರಬೇಕಾ, ಕಪ್ಪಗಿರಬೇಕಾ?"

"ಯಾರು ಮಾತಾಡ್ತಿರೋದು?"

"ಅನಂತರಾಜು ಸಾರ್, ವೆಂಕಟಲಕ್ಷ್ಮಮ್ಮನವರ ಮಗ. ಮಕ್ಕಳ ಕೈಲೇ ಮಾಡಿಸು ಅಂದಿದ್ರಲ್ಲ. ನೀವು ಹೇಳಿದ ಹಾಗೇ ಮಾಡಿಸ್ತಿದ್ದೀನಿ."

"ಅಯ್ಯೋ, ಅದು ನನ್ನ ತಂಗಿಗೆ ಹೇಳಿದ್ದು ಕಣ್ರೀ. ಅವಳ ಮಕ್ಕಳು ಹಣ್ಣು ಮುಟ್ಟಲ್ಲ ಅಂತಿದ್ಲು. ನಾನು ಫೋನಲ್ಲಿದ್ದೆ."

"ಕೈಯಲ್ಲಿ ಫೋನೇ ಇರಲಿಲ್ವಲ್ಲ ಸಾರ್."

"ಕಿವೀಲಿತ್ತು."

ನಾನು ಕಿವುಡು, ಜೀರುಂಡೆ, ಏಕವಚನ ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ ನೋಡಿದೆ. "ಹಾಗಾದ್ರೆ ನಮ್ಮಮ್ಮನಿಗೆ ಏನು ಹೇಳಿದ್ರಿ?"

"ಹೇಳೋಣ ಅಂತ ತಿರುಗಿದೆ. ನೀವು ಆಗಲೇ ಎದ್ದು ಹೊರಟುಹೋಗಿದ್ರಿ. ಮೆತ್ತಗಿರೋದು ಏನು ಬೇಕಾದರೂ ಕೊಡಿ, ಅವರಿಗೆ ಇಷ್ಟವಾದರೆ ಸಾಕು." ಮತ್ತೆ ಅವರೇ ಕೇಳಿದರು: "ಅಂದ ಹಾಗೆ, ಈ ಕೆಂಪು, ಕಪ್ಪು ಎಲ್ಲಿಂದ ಬಂತು?"

ನಾನು ಫೋನಿಟ್ಟೆ. ಈ ವಿಷಯವನ್ನು ಸದ್ಯಕ್ಕೆ ಯಾರಿಗೂ ತಿಳಿಸದಿರುವುದೇ ಕ್ಷೇಮವೆಂದು ನಿರ್ಧರಿಸಿ ಒಳಗೆ ಬಂದರೆ, ನನ್ನ ಇಡೀ ಕಾರ್ಖಾನೆ ಕೈಬದಲಾಗಿತ್ತು. ಅಷ್ಟು ದಿನದಿಂದ ಗೋಡೆ ಬಿಟ್ಟು ಏಳದಿದ್ದ ಅಮ್ಮ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತಿದ್ದರು. ಸುಚಿತ್ರಾ ಕಾಯಿ ತುರಿಯುತ್ತಿದ್ದಳು. ಅಳು ಮರೆತ ಲೋಕೇಶ ಬೆಲ್ಲದ ವಿಭಾಗಕ್ಕೆ ವರ್ಗವಾಗಿದ್ದ. ಸಾಸಿವೆ, ಕಾಯಿ, ಹಸಿಮೆಣಸಿನಕಾಯಿ ಮಿಕ್ಸಿಯಲ್ಲಿ ಅರೆಸಿಕೊಂಡು ಪಾತ್ರೆಗೆ ಬಿದ್ದವು. ಬೆಲ್ಲ ಬಿತ್ತು, ಮೊಸರು ಬಿತ್ತು, ಮೇಲೆ ಒಗ್ಗರಣೆ ಚಟಪಟ ಅಂದಿತು.

ಅಮ್ಮ ಒಂದು ಸೌಟು ಬಟ್ಟಲಿಗೆ ಹಾಕಿಕೊಂಡು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಮತ್ತೊಂದು ಸೌಟು ಹಾಕಿಕೊಂಡರು. ಇಷ್ಟು ದಿನ ಅಮ್ಮನಿಗೆ ಬೇಕಾಗಿದ್ದದ್ದು ಮೆತ್ತಗಿನ ಊಟ ಎಂದೇ ತಿಳಿದಿದ್ದೆ. ಅವರಿಗೆ ಬೇಕಾಗಿದ್ದದ್ದು ಒಸಿ ಖಾರ.

ಆಗಲೇ ಬಾಗಿಲಲ್ಲಿ ಭಾನುಪ್ರಿಯ ಬಂದು ನಿಂತಳು. ಅಮ್ಮ ನನಗೆ ತಿಳಿಯದಂತೆ ಮೊಮ್ಮಗಳ ಕೈಲಿ ಫೋನು ಒತ್ತಿಸಿ ಕರೆಸಿದ್ದರಂತೆ. ಬಸ್ಸಿನಲ್ಲಿ ಬರುತ್ತ ಜಗಳವನ್ನು ಪೂರ್ತಿ ಸಿದ್ಧ ಮಾಡಿಕೊಂಡೇ ಬಂದಿದ್ದಳು.

"ಬಟ್ಟೆ ತಕೊ ಅವ್ವ, ನಡಿ. ಇವ್ರ ಗಂಜಿ ಇವ್ರೇ ಕುಡ್ಕಳ್ಳಿ."

"ಸುಮ್ಕೆ ಕೂತ್ಕಳೇ," ಎಂದರು ಅಮ್ಮ ಬಟ್ಟಲಿನಿಂದ ತಲೆಯೆತ್ತದೆ. "ನೀನೂ ಒಸಿ ತಿನ್ನು."

ಭಾನು ತಿಂದಳು. ಜಗಳ ಎಲ್ಲಿಟ್ಟೆನೆಂಬುದೇ ಮರೆತವಳ ಹಾಗೆ ಕಾಣಿಸಿದಳು. "ಇದೇನವ್ವ ಇದು?"

"ಸಾಸ್," ಎಂದರು ಮಕ್ಕಳು.

"ಸಾಸ್ವೆ," ಎಂದರು ಅಮ್ಮ. "ಡಾಕ್ಟ್ರು ಹೇಳಿರಾ ಔಸ್ದಿ. ಎಲ್ಲಾ ನನ್ ಸೊಸೆ ಯೋಚ್ನೆ."

ನಾನು ಬಟ್ಟೆ ಸುತ್ತಿದ ಬೆರಳನ್ನು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ನಿಂತೆ. ಯಾರೂ ನೋಡಲಿಲ್ಲ.

ಸಂಜೆ ಸೌಮ್ಯ ಬಂದಾಗ ಭಾನು ಅವಳ ಎರಡೂ ಕೈ ಹಿಡಿದು, "ಅತ್ಗೆ, ನಿಂಗೆ ಬುದ್ಧಿ ಇರೋ ಹಂಗೆ ನಮ್ಮಣ್ಣಂಗೆ ಇದ್ದಿದ್ರೆ," ಎಂದು ಕಣ್ಣೊರೆಸಿಕೊಂಡಳು. ಸೌಮ್ಯ ಕೆಂಪಾದ ಗೋಡೆಯನ್ನು ನೋಡಿದಳು, ನನ್ನ ಮುಖ ನೋಡಿದಳು. ಅವಳಿಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ. ಆದರೂ, "ನನ್ ಕೈಲಾದಷ್ಟು ಮಾಡ್ತೀನಿ ಭಾನು," ಎಂದಳು.

ಅಮ್ಮ ಕೋಡಿಹಳ್ಳಿಗೆ ಹೋಗಲಿಲ್ಲ. ಭಾನು ಡಬ್ಬಿಯಲ್ಲಿ ಒಂದಿಷ್ಟು ತುಂಬಿಸಿಕೊಂಡು ಒಬ್ಬಳೇ ಬಸ್ಸು ಹತ್ತಿದಳು. ಸಂಸಾರದ ಮಾನ ಉಳಿಯಿತೆಂದು ನಾನು ಆ ವಾರವೆಲ್ಲ ಎದೆಯುಬ್ಬಿಸಿ ಕೆಲಸಕ್ಕೆ ಹೋದೆ.

ಮುಂದಿನ ಭಾನುವಾರ ಬಾಗಿಲು ತೆಗೆದರೆ ಭಾನು. ಅವಳ ಹಿಂದೆ, ದೊಡ್ಡದೊಂದು ಚೀಲ ಹಿಡಿದ ಅವಳ ಅತ್ತೆ. ಬಾಯ್ತುಂಬ ನಕ್ಕರು. ಆ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ.

"ಡಬ್ಬಿ ನೆಕ್ಬುಟ್ರು ಕಣಣ್ಣ," ಎಂದಳು ಭಾನು ಮೆಲ್ಲಗೆ. "ನಂಗಂತೂ ಆ ಹದ ಬರಾಕಿಲ್ಲ. ಹಲ್ ಕಟ್ಟಿಸ್ಕಳಾ ಗಂಟ ಇಲ್ಲೇ ಇರ್ಲಿ."

ಹಾಗಾದರೆ ಹೆಚ್ಚು ದಿನವಿಲ್ಲ ಎಂದು ಸಮಾಧಾನ ಮಾಡಿಕೊಂಡು, ಬೀಗಿತ್ತಿಯ ಚೀಲ ಇಸಿದುಕೊಳ್ಳುತ್ತ ಕೇಳಿದೆ: "ಯಾವಾಗ ಹಲ್ಲು ಕಟ್ಟಿಸ್ತೀರಿ ಅತ್ತೆ?"

"ಹಲ್ಲಾ? ಈ ವಯ್ಸಲ್ಲಿ ನಂಗ್ಯಾಕಪ್ಪ ಹಲ್ಲು?" ಎಂದು ಅವರು ಸೀದಾ ಒಳಗೆ ನಡೆದು, ಅಮ್ಮನ ಪಕ್ಕದಲ್ಲಿ ಗೋಡೆಗೊರಗಿ ಕೂತರು.