ನಸ್ರೀನಳ ಹರಕೆ ಪಾಯಸಕ್ಕೆ ನಾನು ಕೈಹಚ್ಚಿದ್ದು

ಪಾತ್ರೆಯಲ್ಲಿ ಸೌಟು ತಿರುಗಿಸಲು ಯಾವ ಪದವಿ ಬೇಕು ಹೇಳಿ? ಗಂಗಾನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಇರಾನಿನ ವಿದ್ಯಾರ್ಥಿನಿ ನಸ್ರೀನ್, "ಅಂಕಲ್, ಹತ್ತು ನಿಮಿಷ ತಿರುಗಿಸ್ತೀರಾ? ಹಂಚೋಕೆ ಕಪ್ ತರ್ತೀನಿ" ಎಂದಾಗ ನಾನು ಗತ್ತಿನಿಂದಲೇ ಒಪ್ಪಿದೆ.

ಒಲೆಯ ಮೇಲಿದ್ದದ್ದು ಶೋಲೆ ಜರ್ದ್. ಅಕ್ಕಿ, ಸಕ್ಕರೆ, ಕೇಸರಿ ಹಾಕಿ ಮಾಡುವ ಅವರ ಕಡೆಯ ಗಟ್ಟಿ ಪಾಯಸ. ಅಂದು ಊರಿನಲ್ಲಿ ಅವಳ ತಾಯಿಗೆ ಆಪರೇಷನ್. ಗುಣವಾಗಲೆಂದು ಹರಕೆ ಹೊತ್ತು ಅದನ್ನು ಬೀದಿಗೆಲ್ಲ ಹಂಚುವುದು ಅವರ ಪದ್ಧತಿಯಂತೆ.

ತಿರುಗಿಸಿದೆ. ಪಕ್ಕದಲ್ಲೇ ಪುಟ್ಟ ಗಾಜಿನ ಲೋಟದಲ್ಲಿ ಕೆಂಪನೆಯ ಟೀ! ಅವರು ಟೀಗೆ ಹಾಲು ಹಾಕುವುದಿಲ್ಲವೆಂದು ನನಗೆ ಗೊತ್ತಿತ್ತು. ಅಂಕಲ್‌ಗೆಂದು ಟೀ ಇಟ್ಟು ಹೋಗಿದ್ದಾಳೆ, ಎಂಥ ಸಂಸ್ಕಾರವಂತ ಹುಡುಗಿ! ಒಂದೇ ಗುಟುಕಿಗೆ ಮುಗಿಸಿದೆ. ಸಕ್ಕರೆ ಇರಲಿಲ್ಲ. ಹಿರಿಯನಾಗಿ ಕ್ಷಮಿಸಿಬಿಟ್ಟೆ.

ಅಷ್ಟರಲ್ಲಿ ನನ್ನ ಹೆಂಡತಿ ಸರೋಜ ಮೇಲೆ ಬಂದಳು.

"ರೀ, ಲೋಟದಲ್ಲಿ ಕೇಸರಿ ನೆನೆಸಿಟ್ಟಿದ್ಳಲ್ಲ, ಎಲ್ಲಿ?"

"ಯಾವ ಕೇಸರಿ?"

ಅವಳು ನನ್ನ ಹಳದಿ ನಾಲಿಗೆ ನೋಡಿದಳು. "ಅಯ್ಯೋ! ಅವ್ರಮ್ಮ ಕಳ್ಸಿದ್ದು ಕಣ್ರೀ ಅದು! ಡಬ್ಬೀಲಿ ಇದ್ದಿದ್ದೇ ಅಷ್ಟು!"

ತಪ್ಪೊಪ್ಪಿಕೊಳ್ಳಲು ಅದೇ ಸರಿಯಾದ ಗಳಿಗೆ. ನಾನು ಓಡಿದ್ದು ಕೆಳಗಿನ ನಮ್ಮ ಅಡುಗೆಮನೆಗೆ! ಹಳದಿ ಬಣ್ಣ ತಾನೇ ಬೇಕು? ಸರೋಜ ಬೇಡವೆನ್ನುವಷ್ಟರಲ್ಲಿ ಒಂದು ಚಮಚ ಅರಿಶಿನ ತಂದು ಪಾಯಸಕ್ಕೆ ಸುರಿದಿದ್ದೆ. ಬಣ್ಣ ಅಮೋಘವಾಗಿ ಬಂತು. ವಾಸನೆ ಮಾತ್ರ ಚಿತ್ರಾನ್ನದ್ದು.

ನಸ್ರೀನ್ ಬಂದಳು. ಮೂಸಿದಳು. ಖಾಲಿ ಲೋಟ ನೋಡಿದಳು.

"ಟೀ ಅಂದ್ಕೊಂಡೆ ಕಣಮ್ಮ. ತಪ್ಪಾಯ್ತು."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಕಪ್ಪುಗಳನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕುಳಿತಳು. ಆ ಮುಖ ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಆಮೇಲೆ ಹೇಳಿದಳು: "ಅಮ್ಮನ ಕೇಸರಿ ಈಗ ನಿಮ್ಮ ಹೊಟ್ಟೇಲಿದೆ ಅಂಕಲ್. ಅಮ್ಮನಿಗೋಸ್ಕರ ನೀವೇ ದೇವರನ್ನ ಕೇಳ್ಕೊಳ್ಳಿ."

ನೇರವಾಗಿ ನಮ್ಮ ದೇವರ ಮನೆಗೆ ಬಂದೆ. ದೀಪ ಹಚ್ಚಿ, ಕೈಮುಗಿದು, "ಸ್ವಾಮಿ, ಈ ತಾಯಿ..." ಎಂದವನು ಅಲ್ಲೇ ತಡವರಿಸಿದೆ.

"ಸರೋಜಾ, ಆ ಹುಡ್ಗಿ ಅಮ್ಮನ ಹೆಸ್ರೇನೇ?"

"ಎರಡು ವರ್ಷದಿಂದ ನಮ್ಮನೇಲೇ ಇದಾಳೆ. ಒಂದಿನಾನೂ ಕೇಳಿಲ್ವಾ ನೀವು?"

ಕೇಳಿರಲಿಲ್ಲ. ಎರಡು ವರ್ಷದಲ್ಲಿ ನಾನು ಆ ಹುಡುಗಿಯನ್ನು ಕೇಳಿದ್ದ ಪ್ರಶ್ನೆ ಒಂದೇ ಒಂದು: "ಮೋಟಾರ್ ಆಫ್ ಮಾಡಿದ್ಯೇನಮ್ಮಾ?"